ಹತ್ತು ಬೈ ಹತ್ತರ ರೂಮಿನಲ್ಲಿ ಮುನ್ನೂರು ವ್ಯಾಟ್

"ಎನ್ವಿಡಿಯಾ ಕಾರ್ಡು ತಣ್ಣಗಿರುತ್ತೆ, ಎಎಂಡಿ ಕಾರ್ಡು ಕಾದು ಕೆಂಡ ಆಗುತ್ತೆ." ಬೆಂಗಳೂರಿನಲ್ಲಿ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟವರಿಗೆ ಮೊದಲು ಸಿಗುವ ಬಿಟ್ಟಿ ಸಲಹೆ ಇದು. ಕಾರ್ಡು ಅಂದರೆ ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡು; ಅದರ ಚಿಪ್ಪು ಮಾಡುವ ಎದುರಾಳಿ ಕಂಪನಿಗಳು ಎನ್ವಿಡಿಯಾ ಮತ್ತು ಎಎಂಡಿ. ಎಸ್‌ಪಿ ರೋಡಿನ ಅಂಗಡಿಯವರು ಹೇಳುತ್ತಾರೆ. ಆಫೀಸಿನಲ್ಲಿ ಪಕ್ಕದ ಸೀಟಿನವರು ಹೇಳುತ್ತಾರೆ. ಇದರ ಉಲ್ಟಾ ಮಾತನ್ನು ಅಷ್ಟೇ ಗಟ್ಟಿಯಾಗಿ ಹೇಳುವವರೂ ಇದ್ದಾರೆ: ಎನ್ವಿಡಿಯಾ ಕರೆಂಟ್ ಕುಡಿಯುತ್ತೆ, ಕರೆಂಟ್ ವೈರಿನ ಕನೆಕ್ಟರ್ ಕರಗಿಸುತ್ತೆ, ಎಎಂಡಿನೇ ವಾಸಿ ಅಂತ. ಕೇಳುತ್ತಾ ಕೂತರೆ ಹೊತ್ತು ಹೋಗೋದೇ ಗೊತ್ತಾಗಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ. ಬೇರೆ ಬೇರೆ ವರ್ಷದ ಹುರುಳು, ಅಷ್ಟೇ.

ಹಳೇ ಕಥೆಯಿಂದ ಶುರು ಮಾಡೋಣ. 2009ರ ಸೆಪ್ಟೆಂಬರ್‌ನಲ್ಲಿ ಎಎಂಡಿಯವರು ರೇಡಿಯಾನ್ ಎಚ್‌ಡಿ 5870 ತಂದರು. ಪೂರ್ತಿ ಲೋಡಿನಲ್ಲಿ 188 ವ್ಯಾಟ್. ಆ ಕಾಲಕ್ಕೆ ಅದೇ ರಾಜ. ಎನ್ವಿಡಿಯಾ ಉತ್ತರ ಕೊಡಲು 2010ರ ಮಾರ್ಚ್ ಆಯಿತು. ಬಂದದ್ದು ಜಿಟಿಎಕ್ಸ್ 480. ವೇಗ ಇತ್ತು, ಇಲ್ಲ ಅನ್ನೋ ಹಾಗಿಲ್ಲ. ಆದರೆ ಕಂಪನಿ ಹೇಳಿದ್ದೇ 250 ವ್ಯಾಟ್. ಉಷ್ಣಾಂಶ ತೊಂಬತ್ತು ಡಿಗ್ರಿ ದಾಟುತ್ತಿತ್ತು, ಫ್ಯಾನಿನ ಸದ್ದಿಗೆ ಮನೆಮಂದಿ ಬಂದು ಏನಾಯ್ತು ಅಂತ ಕೇಳಬೇಕು. ಮೇಲೆ ಮೊಟ್ಟೆ ಒಡೆದು ಹುಯ್ದರೆ ಆಮ್ಲೆಟ್ ರೆಡಿ ಅನ್ನೋ ಜೋಕು ಆಗ ಲೋಕವೆಲ್ಲ ಸುತ್ತಿತು. ಅದೇ ವರ್ಷ ನವೆಂಬರ್‌ನಲ್ಲಿ ಜಿಟಿಎಕ್ಸ್ 580 ಬಂತು. ಅದೇ 40 ನ್ಯಾನೋಮೀಟರ್ ತಂತ್ರಜ್ಞಾನ (ಈ ಅಂಕಿ ಸಣ್ಣದಾದಷ್ಟು ಸಾಮಾನ್ಯವಾಗಿ ಕರೆಂಟ್ ಕಮ್ಮಿ), ತೈವಾನಿನ ಅದೇ ಟಿಎಸ್‌ಎಂಸಿ ಕಾರ್ಖಾನೆ, ಹೆಚ್ಚೂಕಮ್ಮಿ ಅದೇ ವಿನ್ಯಾಸ. ವೇಗ ಜಾಸ್ತಿ ಆಯಿತು, ಸದ್ದು ಇಳಿಯಿತು, ವ್ಯಾಟ್ 244ಕ್ಕೆ ನಿಂತಿತು. ಒಂದೇ ಕಂಪನಿ, ಒಂದೇ ವರ್ಷ.

ಆಮೇಲೆ ಸರದಿ ಎಎಂಡಿಯದು. 2013ರ ಅಕ್ಟೋಬರ್‌ನಲ್ಲಿ ಬಂದ ಆರ್9 290ಎಕ್ಸ್ ಕಾರ್ಡನ್ನು 95 ಡಿಗ್ರಿಯಲ್ಲೇ ಓಡಲಿ ಅಂತಲೇ ಮಾಡಿದ್ದರು. ಅದು ದೋಷವಲ್ಲ, ಬೇಕೂ ಅಂತಲೇ ಹಾಗೆ ಇಟ್ಟಿದ್ದೇವೆ, ಚಿಪ್ಪಿಗೆ ಏನೂ ಆಗಲ್ಲ ಅಂತ ಕಂಪನಿಯವರು ಹೇಳಿದರು. ಮಾತು ನಿಜವೇ ಇರಬಹುದು. ಆದರೆ 95 ಅನ್ನೋ ಅಂಕಿ ನೋಡಿದ ಮೇಲೆ ಯಾರಿಗೆ ನಿದ್ದೆ ಬರುತ್ತೆ? ಕೆಲವು ತಿಂಗಳ ನಂತರ ಬೇರೆ ಬೇರೆ ಬೋರ್ಡ್ ತಯಾರಕರು ಅದೇ ಚಿಪ್ಪಿಗೆ ಎರಡು ಮೂರು ಫ್ಯಾನಿನ ದೊಡ್ಡ ಕೂಲರ್ ಹಾಕಿ ಮಾರಿದರು. ಉಷ್ಣಾಂಶ ಚೆನ್ನಾಗಿ ಇಳಿಯಿತು. ಚಿಪ್ಪು ಅದೇ, ಕುಡಿಯೋ ಕರೆಂಟ್ ಹೆಚ್ಚೂಕಮ್ಮಿ ಅಷ್ಟೇ. ಬದಲಾಗಿದ್ದು ತಾಮ್ರದ ಪೈಪು ಮತ್ತು ಫ್ಯಾನು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅಷ್ಟರಲ್ಲಿ 2014ರ ಫೆಬ್ರವರಿಯಲ್ಲಿ ಎನ್ವಿಡಿಯಾ ಜಿಟಿಎಕ್ಸ್ 750 ಟಿಐ ಬಿಟ್ಟಿತು. 60 ವ್ಯಾಟ್. ಎಸ್‌ಎಂಪಿಎಸ್‌ನಿಂದ, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಡಬ್ಬದಿಂದ, ಬೇರೆ ವೈರೇ ಬೇಡ, ಮದರ್‌ಬೋರ್ಡಿನ ಸ್ಲಾಟ್ ಕೊಡುವ 75 ವ್ಯಾಟಿನಲ್ಲೇ ಓಡುತ್ತಿತ್ತು. ಮನೆಯಲ್ಲಿ ಬಿದ್ದಿದ್ದ ಹಳೇ ಆಫೀಸ್ ಡೆಸ್ಕ್‌ಟಾಪಿಗೆ ಸಿಕ್ಕಿಸಿದರೂ ಆಟ ಓಡುತ್ತೆ ಅಂದಮೇಲೆ ನಮ್ಮೂರಲ್ಲಿ ಹೆಸರು ಮಾಡದೇ ಇರುತ್ತಾ? ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 145 ವ್ಯಾಟಿನ ಜಿಟಿಎಕ್ಸ್ 970 ಬಂತು. ಎನ್ವಿಡಿಯಾ ಅಂದರೆ ತಂಪು ಅನ್ನೋ ನಂಬಿಕೆ ಊರಿದ್ದು ಈ ಕಾಲದಲ್ಲಿ. ಇವತ್ತಿಗೂ ಎಷ್ಟೋ ಜನ ಅದೇ 2014ರಲ್ಲಿ ನಿಂತು ವಾದ ಮಾಡುತ್ತಾರೆ.

2020ರಲ್ಲಿ ಲೆಕ್ಕ ಮತ್ತೆ ತಿರುಗಿತು. ಎನ್ವಿಡಿಯಾ ತನ್ನ 30ರ ಸರಣಿಯ ಚಿಪ್ಪುಗಳನ್ನು ಸ್ಯಾಮ್‌ಸಂಗ್‌ನ 8 ನ್ಯಾನೋಮೀಟರ್‌ನಲ್ಲಿ ಮಾಡಿಸಿತು, ಎಎಂಡಿ ಟಿಎಸ್‌ಎಂಸಿಯ 7 ನ್ಯಾನೋಮೀಟರ್‌ನಲ್ಲೇ ಉಳಿಯಿತು. ಆರ್‌ಟಿಎಕ್ಸ್ 3080ಗೆ 320 ವ್ಯಾಟ್, ಅದಕ್ಕೆ ಸಮನಾಗಿ ನಿಂತ ಆರ್‌ಎಕ್ಸ್ 6800 ಎಕ್ಸ್‌ಟಿಗೆ 300. ವಿದ್ಯುತ್ ಉಳಿಸೋದರಲ್ಲಿ ಎಎಂಡಿ ಒಂದು ಹೆಜ್ಜೆ ಮುಂದೆ. 2022ರಲ್ಲಿ ಎನ್ವಿಡಿಯಾ ವಾಪಸ್ ಟಿಎಸ್‌ಎಂಸಿಗೆ ಬಂತು, ಮತ್ತೆ ಮುಂದೆ ಹೋಯಿತು: 4080ಗೆ 320 ವ್ಯಾಟ್, ಎದುರಾಳಿ 7900 ಎಕ್ಸ್‌ಟಿಎಕ್ಸ್‌ಗೆ 355. ಆ ಚಳಿಗಾಲದಲ್ಲಿ ಇಬ್ಬರ ಮಾನವೂ ಹೋಯಿತು ಅನ್ನಿ. ಒಂದು ಕಡೆ ಎನ್ವಿಡಿಯಾದ 4090ರ ಹೊಸ ಕನೆಕ್ಟರ್ ಕರಗಿದ ಫೋಟೋಗಳು. ಇನ್ನೊಂದು ಕಡೆ 7900 ಎಕ್ಸ್‌ಟಿಎಕ್ಸ್‌ನ ಕೆಲವು ಕೂಲರ್‌ಗಳು ಸರಿಯಾಗಿ ಕೆಲಸ ಮಾಡದೆ ಚಿಪ್ಪು 110 ಡಿಗ್ರಿ ಮುಟ್ಟಿದ್ದು.

2025ರ ಹೊತ್ತಿಗೆ ಏನಾಗಿದೆ ನೋಡಿ. ಆರ್‌ಎಕ್ಸ್ 9070 ಎಕ್ಸ್‌ಟಿ 304 ವ್ಯಾಟ್. ಅದರ ಎದುರು ನಿಲ್ಲುವ ಆರ್‌ಟಿಎಕ್ಸ್ 5070 ಟಿಐ 300 ವ್ಯಾಟ್. ಎರಡೂ ಟಿಎಸ್‌ಎಂಸಿಯಲ್ಲೇ ತಯಾರು, ಎರಡರ ತಂತ್ರಜ್ಞಾನವೂ ಒಂದೇ ಪೀಳಿಗೆಯದು. ವ್ಯತ್ಯಾಸ 4 ವ್ಯಾಟ್! ಇಷ್ಟು ವರ್ಷದ ಜಗಳ ಸವೆದು ಒಂದು ಎಲ್‌ಇಡಿ ಬಲ್ಬಿಗಿಂತ ಕಮ್ಮಿಗೆ ಬಂದು ನಿಂತಿದೆ.

ಇಬ್ಬರ ಚಿಪ್ಪೂ ತೈವಾನಿನ ಒಂದೇ ಕಂಪನಿಯಲ್ಲಿ ಹುಟ್ಟುತ್ತೆ ಅನ್ನೋದು ಅಭಿಮಾನಿಗಳಿಗೆ ಯಾಕೋ ಮರೆತೇ ಹೋಗುತ್ತೆ. ಎನ್ವಿಡಿಯಾದ ಜೆನ್ಸನ್ ಹುವಾಂಗ್ ಮತ್ತು ಎಎಂಡಿಯ ಲೀಸಾ ಸು ಇಬ್ಬರೂ ಹುಟ್ಟಿದ್ದು ತೈವಾನಿನಲ್ಲಿ, ಮೇಲಾಗಿ ದೂರದ ನೆಂಟರು ಬೇರೆ. ಇನ್ನು ನಮ್ಮೂರಿನ ವಿಷಯ. ಎಎಂಡಿ 2023ರ ನವೆಂಬರ್‌ನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರವನ್ನು ತೆರೆದಿದ್ದು ಬೆಂಗಳೂರಿನಲ್ಲೇ. ಎನ್ವಿಡಿಯಾಗೂ ಇಲ್ಲಿ ಎಂಜಿನಿಯರ್‌ಗಳಿದ್ದಾರೆ, ಇಂಟೆಲ್‌ಗಂತೂ ಮೊದಲಿನಿಂದಲೂ ಇದ್ದಾರೆ. ದರ್ಶಿನಿಯಲ್ಲಿ ಕಾಫಿ ಹಿಡಿದು ಎಎಂಡಿಯ ಕೆಂಪು ದೊಡ್ಡದೋ ಎನ್ವಿಡಿಯಾದ ಹಸಿರು ದೊಡ್ಡದೋ ಅಂತ ನಾವು ಕಿತ್ತಾಡುವಾಗ, ಪಕ್ಕದ ಟೇಬಲ್ಲಿನಲ್ಲಿ ಅದೇ ಚಿಪ್ಪಿನ ಒಂದು ಮೂಲೆ ಬರೆದವರು ಸುಮ್ನೆ ಇಡ್ಲಿ ತಿನ್ನುತ್ತಾ ಇರಬಹುದು.

ಹಾಗಾದ್ರೆ ಕಾರ್ಡು ಕಾಯೋದು ಯಾಕೆ? ಕಾರ್ಖಾನೆ ಒಂದು ಕಾರಣ, ಆಯಿತು. ಅದಕ್ಕಿಂತ ದೊಡ್ಡ ಕಾರಣ ವೋಲ್ಟೇಜು. ಚಿಪ್ಪು ತಿನ್ನುವ ವಿದ್ಯುತ್ತು ಅದರ ವೇಗದ ಜೊತೆ ಸಮನಾಗಿ ಏರುತ್ತೆ, ಆದರೆ ವೋಲ್ಟೇಜಿನ ವರ್ಗದ ಜೊತೆ, ಅಂದರೆ ವೋಲ್ಟೇಜನ್ನು ಅದರಿಂದಲೇ ಗುಣಿಸಿದ ಲೆಕ್ಕದಲ್ಲಿ, ಏರುತ್ತೆ. ವೋಲ್ಟೇಜ್ 1.05ರಿಂದ 0.9ಕ್ಕೆ ಇಳಿಸಿ, ವೇಗ ಅಷ್ಟೇ ಇಟ್ಟರೂ ಲೆಕ್ಕದ ಪ್ರಕಾರ ಕಾಲು ಭಾಗಕ್ಕಿಂತ ಜಾಸ್ತಿ ವಿದ್ಯುತ್ ಉಳಿಯುತ್ತೆ. ಮೇಲಕ್ಕೆ ಹೋಗುವಾಗಲೂ ಇದೇ ಲೆಕ್ಕ, ಉಲ್ಟಾ. ಕೊನೆಯ ಐದು ಶೇಕಡ ವೇಗ ಬೇಕು ಅಂದರೆ ವೋಲ್ಟೇಜ್ ಏರಿಸಬೇಕು, ಅಲ್ಲಿಂದ ವ್ಯಾಟು ನಾಗಾಲೋಟ ಓಡುತ್ತೆ.

ಆ ಕೊನೆಯ ಐದು ಶೇಕಡ ಯಾರಿಗೆ ಬೇಕು? ವಿಮರ್ಶೆಗಳಲ್ಲಿ ಹಾಕುವ ಆ ಉದ್ದುದ್ದ ಪಟ್ಟಿಗಳಿಗೆ ಬೇಕು. ಎದುರಾಳಿಯ ಪಟ್ಟಿಗಿಂತ ನಮ್ಮದು ಒಂದು ಬೆರಳು ಉದ್ದ ಕಾಣಬೇಕು, ಅಷ್ಟೇ. ಹಿಂದೆ ಬಿದ್ದವರು ವೋಲ್ಟೇಜ್ ಏರಿಸಿ ಸಮ ಮಾಡಿಕೊಳ್ಳುತ್ತಾರೆ. ಹಾಗಾಗಿ ಯಾವ ವರ್ಷ ಯಾರ ಕಾರ್ಡು ಕಾದಿದೆಯೋ ಆ ವರ್ಷ ಅವರು ಹಿಂದೆ ಬಿದ್ದಿದ್ದರು ಅಂತ ತಿಳಿದರೆ ಸಾಮಾನ್ಯವಾಗಿ ತಪ್ಪಾಗಲ್ಲ. 4090ಯಂಥ ಕೆಲವು ಮುಂದಿದ್ದೂ ಕಾದವು, ಅದು ಬರೀ ಗತ್ತು.

ನನ್ನ ಮಾತು ನಂಬಬೇಡಿ, ಎಎಂಡಿಯ ಸ್ವಂತ ಎರಡು ಕಾರ್ಡುಗಳನ್ನೇ ನೋಡಿ. ಆರ್‌ಎಕ್ಸ್ 9070 ಮತ್ತು 9070 ಎಕ್ಸ್‌ಟಿ ಒಂದೇ ಚಿಪ್ಪು. ಒಂದರಲ್ಲಿ 56 ಕಂಪ್ಯೂಟ್ ಯೂನಿಟ್ (ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗಗಳು) ಚಾಲೂ ಇವೆ, ಇನ್ನೊಂದರಲ್ಲಿ 64. ಮೊದಲನೆಯದಕ್ಕೆ 220 ವ್ಯಾಟ್, ಎರಡನೆಯದಕ್ಕೆ 304. ಅಂದರೆ ವಿದ್ಯುತ್ 38 ಶೇಕಡ ಜಾಸ್ತಿ. ಆಟದಲ್ಲಿ ಸಿಗುವ ವೇಗ ಹತ್ತರಿಂದ ಹದಿನೈದು ಶೇಕಡ ಜಾಸ್ತಿ. ಒಂದೇ ಮರಳು, ಒಂದೇ ಕಾರ್ಖಾನೆ, ಪೆಟ್ಟಿಗೆಯ ಮೇಲೆ ಒಂದೇ ಹೆಸರು. ಈಗ ಹೇಳಿ, ಎಎಂಡಿ ಕಾಯುತ್ತಾ, ತಣ್ಣಗಿರುತ್ತಾ?

ಕಾರ್ಖಾನೆಯಿಂದ ಹೊರಬರುವ ವ್ಯಾಟಿನ ಅಂಕಿ ಯಾರೋ ಕೂತು ತೀರ್ಮಾನ ಮಾಡಿದ್ದು. ಅದು ಚಿಪ್ಪಿನ ಹಣೆಬರಹ ಅಲ್ಲ. ಆ ತೀರ್ಮಾನ ನಮ್ಮ ಮನೆಗೆ ಹೊಂದದಿದ್ದರೆ ನಾವು ಬದಲಾಯಿಸಬಹುದು.

ಮನೆ ಅಂದೆನಲ್ಲ, ಈ ವಾದಗಳಲ್ಲಿ ನನಗೆ ಬೇಸರ ತರಿಸೋದೇ ಇದು. ಹೊರದೇಶದ ಏಸಿ ರೂಮುಗಳಲ್ಲಿ ಅಳೆದ ಅಂಕಿಗಳನ್ನು ತಂದು ನಮ್ಮ ಮನೆಯ ಜಗಳಕ್ಕೆ ಹಾಕುತ್ತೇವೆ. ಬೆಂಗಳೂರಿನ ಹೆಚ್ಚಿನ ಮನೆಗಳಲ್ಲಿ ಏಸಿ ಇಲ್ಲ. ಇಲ್ಲಿಗೇಕೆ ಏಸಿ ಅನ್ನೋದು ಹಳಬರ ಹೆಮ್ಮೆ. ಆ ಹೆಮ್ಮೆಗೆ 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಯ ಬಿಸಿ ತಟ್ಟಿತು, 2024ರ ಏಪ್ರಿಲ್‌ನಲ್ಲಿ 38.5ರದ್ದು. ತಾರಸಿಯ ಕೆಳಗಿನ ರೂಮು, ಪಶ್ಚಿಮದ ಗೋಡೆ, ಒಂದು ಸೀಲಿಂಗ್ ಫ್ಯಾನು. ಅಲ್ಲಿ ಕೂತು ಆಡುವವನಿಗೆ ಕಾರ್ಡಿನ ಉಷ್ಣಾಂಶ ಎಷ್ಟು ಅನ್ನೋ ಪ್ರಶ್ನೆಯೇ ಬೇಕಿಲ್ಲ.

ಯಾಕೆ ಅಂದರೆ ಉಷ್ಣಾಂಶ ಬೇರೆ, ಶಾಖ ಬೇರೆ. ಲೋಟದ ಕಾಫಿ ನಾಲಿಗೆ ಸುಡುತ್ತೆ, ಆದರೆ ಬಚ್ಚಲುಮನೆ ಪೂರ್ತಿ ಬಿಸಿಯಾಗೋದು ಹಂಡೆಯ ನೀರಿನಿಂದ. 115 ವ್ಯಾಟಿನ ಆರ್‌ಟಿಎಕ್ಸ್ 4060ಗೆ ಸಣ್ಣ ಕೂಲರ್ ಹಾಕಿದ್ದರೆ ಅದು 75 ಡಿಗ್ರಿ ತೋರಿಸಬಹುದು. 450 ವ್ಯಾಟಿನ 4090ಗೆ ಇಟ್ಟಿಗೆ ಗಾತ್ರದ ಕೂಲರ್ ಇರುವುದರಿಂದ ಅದು 65 ತೋರಿಸಬಹುದು. ತೆರೆಯ ಮೇಲೆ ತಣ್ಣಗಿರೋದು 4090. ರೂಮಿಗೆ ನಾಲ್ಕು ಪಟ್ಟು ಶಾಖ ಸುರಿಯೋದೂ ಅದೇ. ಗೋಡೆಯ ಪ್ಲಗ್ಗಿನಿಂದ ಒಳಗೆ ಹೋದ ವಿದ್ಯುತ್ತು ಆಟ ಮುಗಿಯೋ ಹೊತ್ತಿಗೆ ಪೂರ್ತಿ ಬಿಸಿಯಾಗಿ ಹೊರಗೆ ಬರುತ್ತೆ, ಬೇರೆ ದಾರಿಯೇ ಇಲ್ಲ. ಒಬ್ಬ ಮನುಷ್ಯ ಸುಮ್ನೆ ಕೂತರೆ ಅವನ ಮೈಯಿಂದ ಬರುವ ಶಾಖ ಸುಮಾರು 100 ವ್ಯಾಟ್. 300 ವ್ಯಾಟಿನ ಕಾರ್ಡು ಅಂದರೆ ಹತ್ತು ಬೈ ಹತ್ತರ ರೂಮಿಗೆ ಇನ್ನೂ ಮೂರು ಜನ ಬಂದು ಕೂತ ಹಾಗೆ, ಬಾಗಿಲು ಹಾಕಿಕೊಂಡು. 290ಎಕ್ಸ್‌ಗೆ ದೊಡ್ಡ ಕೂಲರ್ ಹಾಕಿದಾಗ ಚಿಪ್ಪಿಗೆ ತಂಪಾಯಿತು, ರೂಮಿಗೆ ಏನೂ ಆಗಲಿಲ್ಲ. ಆಗಲೇ ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ.

ಇನ್ನು ಕರೆಂಟ್ ಬಿಲ್ಲು. ಇದರ ಬಗ್ಗೆ ಜನ ಸುಮ್ನೆ ಹೆದರುತ್ತಾರೆ. 300 ವ್ಯಾಟಿನ ಕಾರ್ಡನ್ನು ದಿನಕ್ಕೆ ಮೂರು ಗಂಟೆ ಪೂರ್ತಿ ದುಡಿಸಿದರೆ ತಿಂಗಳಿಗೆ 27 ಯೂನಿಟ್. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೆ 162 ರೂಪಾಯಿ. ಒಂದು ಸಿನಿಮಾ ಟಿಕೆಟ್ಟಿಗೂ ಸಾಲದು. 200 ವ್ಯಾಟಿನ ಕಾರ್ಡು ತಗೊಂಡರೆ ಉಳಿಯೋದು 54 ರೂಪಾಯಿ. ಕಾರ್ಡಿಗೆ ಐವತ್ತು ಅರವತ್ತು ಸಾವಿರ ಸುರಿದವರು ಈ ಐವತ್ತು ರೂಪಾಯಿಗೆ ಗುದ್ದಾಡೋದು ನೋಡಿದರೆ ನಗು ಬರುತ್ತೆ.

ಆದರೆ ಗೃಹಜ್ಯೋತಿ ಇರುವ ಮನೆಗಳಲ್ಲಿ ಲೆಕ್ಕವೇ ಬೇರೆ. 2023ರಿಂದ ಬಂದ ಈ ಯೋಜನೆಯಲ್ಲಿ ಮನೆಯ 2022-23ರ ತಿಂಗಳ ಸರಾಸರಿ ಬಳಕೆಗೆ ಹತ್ತು ಶೇಕಡ ಸೇರಿಸಿ, ಅಷ್ಟು ಯೂನಿಟ್ ಬಿಟ್ಟಿ. ಅದನ್ನು ದಾಟಿದರೆ ದಾಟಿದಷ್ಟಕ್ಕೆ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ಲು. ವಿಜಯನಗರದಲ್ಲಿರುವ ನಮ್ಮ ಅತ್ತೆಯವರ ಮನೆಯಲ್ಲಿ ಆಗಿದ್ದು ಇದೇ. ಫ್ರಿಜ್ಜು, ಫ್ಯಾನು, ಮಿಕ್ಸಿ, ಟಿವಿ ಎಲ್ಲಾ ಸೇರಿ 170ರ ಆಸುಪಾಸು ಇರುತ್ತಿದ್ದ ಮನೆ. ಮಗ ಹೊಸ ಕಂಪ್ಯೂಟರ್ ಜೋಡಿಸಿದ. ಬೇಸಿಗೆ ಬಂತು, ಫ್ಯಾನು ರಾತ್ರಿಯೆಲ್ಲಾ ತಿರುಗಿತು. ಮೀಟರ್ 200 ದಾಟಿತು. ಸೊನ್ನೆ ಬರುತ್ತಿದ್ದ ಜಾಗದಲ್ಲಿ ಸಾವಿರ ಚಿಲ್ಲರೆ.

"ನೋಡಿ, ಇಷ್ಟು ದಿನ ಒಂದು ರೂಪಾಯಿ ಬರ್ತಿರಲಿಲ್ಲ. ನೀವೇ ಹೇಳಿ ಇವನಿಗೆ" ಅಂತ ಅತ್ತೆ ಬಿಲ್ಲನ್ನು ನನ್ನ ಕೈಗೆ ಕೊಟ್ಟರು. ಅವರಿಗೆ ಎನ್ವಿಡಿಯಾ ಗೊತ್ತಿಲ್ಲ, ಎಎಂಡಿ ಗೊತ್ತಿಲ್ಲ. ವಾದದ ತಿರುಳು ಮಾತ್ರ ಅವರಿಗೆ ಸರಿಯಾಗಿ ಗೊತ್ತಿತ್ತು.

ಭಾವಮೈದುನನ ಹತ್ತಿರ ಇರೋದು ಆರ್‌ಎಕ್ಸ್ 6700 ಎಕ್ಸ್‌ಟಿ. ನಾನು ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವ ಸಣ್ಣ ವ್ಯಾಟ್ ಮೀಟರ್ ತಗೊಂಡು ಹೋದೆ. ಅವನು ಮೊದಲು ತೋರಿಸಿದ್ದು ಸಾಫ್ಟ್‌ವೇರಿನ ಅಂಕಿ: 186 ವ್ಯಾಟ್. "ಪೆಟ್ಟಿಗೆ ಮೇಲೆ 230 ಅಂತ ಹಾಕಿದಾರೆ ಭಾವ, ನಂದು ಬರೀ 186 ತಗೊಳ್ತಿದೆ!" ಅಂತ ಖುಷಿ. ಅಲ್ಲೊಂದು ಸೂಕ್ಷ್ಮ ಇದೆ. ಆ ಪೀಳಿಗೆಯ ರೇಡಿಯಾನ್‌ಗಳು ತೋರಿಸೋದು ಚಿಪ್ಪಿನ ವಿದ್ಯುತ್ತು ಮಾತ್ರ. ಬೋರ್ಡಿನ ಮೇಲಿರುವ ಮೆಮೊರಿಯ ಪಾಲು, ಫ್ಯಾನು, ದಾರಿಯಲ್ಲಿ ಸೋರಿ ಹೋಗುವುದು ಯಾವುದೂ ಅದರಲ್ಲಿ ಇರಲ್ಲ. ಎನ್ವಿಡಿಯಾದ ಜಿಫೋರ್ಸ್ ಕಾರ್ಡುಗಳು ಇಡೀ ಬೋರ್ಡಿನ ಲೆಕ್ಕ ತೋರಿಸುತ್ತವೆ. ಎರಡೂ ಸ್ಕ್ರೀನ್‌ಶಾಟ್ ಪಕ್ಕಪಕ್ಕ ಇಟ್ಟು ನಮ್ಮದೇ ಕಮ್ಮಿ ಅಂತ ಎದೆ ತಟ್ಟಿಕೊಂಡವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. 7000 ಸರಣಿಯಿಂದ ಎಎಂಡಿಯೂ ಪೂರ್ತಿ ಲೆಕ್ಕ ತೋರಿಸುತ್ತೆ.

ಗೋಡೆಯ ಮೀಟರ್‌ಗೆ ಪಕ್ಷಪಾತ ಇಲ್ಲ. ಇಡೀ ಕಂಪ್ಯೂಟರ್ ಸೇರಿ 340ರ ಸುತ್ತ ಆಡುತ್ತಿತ್ತು. ಡ್ರೈವರಿನ ಸೆಟ್ಟಿಂಗಿನಲ್ಲಿ ವೋಲ್ಟೇಜ್ ಸ್ಲೈಡರ್ 1200 ಮಿಲಿವೋಲ್ಟ್‌ನಲ್ಲಿ ಇತ್ತು. ಅದನ್ನು ಹಿಡಿದು 1120ಕ್ಕೆ ಎಳೆದೆ.

"ಸುಟ್ಟುಗಿಟ್ಟು ಹೋದ್ರೆ ಭಾವ?"

"ಸುಡಲ್ಲ ಕಣೋ. ಕಮ್ಮಿ ಮಾಡ್ತಿರೋದು, ಜಾಸ್ತಿ ಅಲ್ಲ. ಹೆಚ್ಚು ಅಂದ್ರೆ ಆಟ ಕ್ರ್ಯಾಶ್ ಆಗುತ್ತೆ, ವಾಪಸ್ ಏರಿಸಿದ್ರೆ ಆಯ್ತು."

ಒಂದೇ ಆಟ, ಒಂದೇ ಜಾಗ, ಅದೇ ಕ್ಯಾಮೆರಾ ಕೋನ. ಮೀಟರ್ 310ರ ಹತ್ತಿರ ಬಂತು. ಫ್ರೇಮುಗಳು, ಅಂದರೆ ಸೆಕೆಂಡಿಗೆ ಬಿಡಿಸುವ ಚಿತ್ರಗಳು, ಅಷ್ಟೇ ಇದ್ದವು. ಫ್ಯಾನಿನ ಸದ್ದು ಮಾತ್ರ ಒಂದು ಮಟ್ಟ ಇಳಿಯಿತು. ಆಮೇಲೆ ಅವನ ಮಾನಿಟರ್ ನೋಡಿದೆ. 75 ಹರ್ಟ್ಸ್! ಕಾರ್ಡು ಸೆಕೆಂಡಿಗೆ ನೂರಕ್ಕೂ ಮೇಲೆ ಚಿತ್ರ ಬಿಡಿಸುತ್ತಿದೆ, ಮಾನಿಟರ್ ತೋರಿಸೋದು 75. ಉಳಿದಿದ್ದೆಲ್ಲಾ ಬಿಸಿಗಾಳಿ. ಫ್ರೇಮಿಗೆ 75ರ ಮಿತಿ ಹಾಕಿದೆವು. ಮೀಟರ್ 240ರ ಆಚೆ ಈಚೆ ನಿಂತಿತು. ಕಾರ್ಡು ಬದಲಾಯಿಸದೆ, ದುಡ್ಡು ಖರ್ಚು ಮಾಡದೆ ನೂರು ವ್ಯಾಟ್ ಹೋಯಿತು. ಅತ್ತೆ ಬಂದು ಇಣುಕಿ "ಆಯ್ತಾ?" ಅಂತ ಕೇಳಿ ಹೋದರು.

ನೂರು ವ್ಯಾಟ್ ಉಳಿದದ್ದರ ಇನ್ನೊಂದು ಲಾಭ ಯುಪಿಎಸ್ ಕಡೆಯದು. ಮನೆಗಳಲ್ಲಿ ಸಾಮಾನ್ಯವಾಗಿ ಇರುವ 600 ವಿಎ ಯುಪಿಎಸ್ ಅಂದರೆ ಹೆಚ್ಚಾಗಿ 360 ವ್ಯಾಟ್ ಅಷ್ಟೇ. ಏಪ್ರಿಲ್ ಕೊನೆಯ ಸಂಜೆ ಗಾಳಿಮಳೆ ಬಂದು ಎಲ್ಲೋ ಕೊಂಬೆ ಮುರಿದು ಕರೆಂಟ್ ಹೋದಾಗ, 340 ವ್ಯಾಟ್ ಎಳೆಯುತ್ತಿದ್ದ ಕಂಪ್ಯೂಟರಿನ ಜೊತೆ ಮಾನಿಟರೂ ಸೇರಿದರೆ ಅದು ಕುಯ್ಯೋ ಅಂತ ಕೂಗಿ ಕೈ ಎತ್ತುತ್ತೆ. 240 ಆದರೆ ಸೇವ್ ಮಾಡಿ ಮುಚ್ಚುವಷ್ಟು ಪುರುಸೊತ್ತು ಸಿಗುತ್ತೆ. ಎಸ್‌ಎಂಪಿಎಸ್ ವಿಷಯಕ್ಕೆ ನಾನು ಹೋಗಲ್ಲ. ಒಂದೇ ಮಾತು: 500 ವ್ಯಾಟ್ ಅಂತ ಸ್ಟಿಕ್ಕರ್ ಅಂಟಿಸಿದ, ಎತ್ತಿದರೆ ಖಾಲಿ ಡಬ್ಬದಷ್ಟು ಹಗುರ ಇರುವ ಮಾಲು ಎಸ್‌ಪಿ ರೋಡಿನಲ್ಲಿ ಈಗಲೂ ಸಿಗುತ್ತೆ. ಎರಡು ಸಾವಿರ ಉಳಿಸಲು ಹೋಗಿ ಅದನ್ನು ತರಬೇಡಿ.

ವಾದಗಳಲ್ಲಿ ಬಾರದೇ ಇರುವ ಇನ್ನೊಂದು ಅಂಕಿ ಇದೆ: ಕಾರ್ಡು ಸುಮ್ಮನಿದ್ದಾಗ ಎಷ್ಟು ತಿನ್ನುತ್ತೆ ಅನ್ನೋದು. ನಮ್ಮೂರಲ್ಲಿ ಎಷ್ಟೋ ಜನ ಅದೇ ಕಂಪ್ಯೂಟರಿನಲ್ಲಿ ಹಗಲೆಲ್ಲಾ ಆಫೀಸ್ ಕೆಲಸ ಮಾಡುತ್ತಾರೆ, ಎರಡೆರಡು ಮಾನಿಟರ್ ಹಾಕಿಕೊಂಡು. 7900 ಎಕ್ಸ್‌ಟಿಎಕ್ಸ್ ಬಂದ ಹೊಸತರಲ್ಲಿ ಎರಡು ಮಾನಿಟರ್ ಇದ್ದರೆ ಸುಮ್ಮನಿದ್ದಾಗಲೂ ಜಾಸ್ತಿ ವಿದ್ಯುತ್ ತಗೊಳ್ಳುತ್ತೆ ಅಂತ ಎಎಂಡಿಯೇ ತನ್ನ ಡ್ರೈವರಿನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿತ್ತು. ಇಂಟೆಲ್‌ನ ಆರ್ಕ್ ಕಾರ್ಡುಗಳಿಗೂ ಈ ಚಾಳಿ ಇದೆ, ಬಯೋಸ್‌ನಲ್ಲಿ ಒಂದು ಸೆಟ್ಟಿಂಗ್ ಬದಲಾಯಿಸದಿದ್ದರೆ ತೂಕಡಿಸುವಾಗಲೂ ತಿನ್ನುತ್ತಲೇ ಇರುತ್ತವೆ. ಸುಮ್ಮನಿದ್ದಾಗ 25 ವ್ಯಾಟ್ ಜಾಸ್ತಿ ಅಂದರೆ ದಿನಕ್ಕೆ ಒಂಬತ್ತು ಗಂಟೆಯಂತೆ ತಿಂಗಳಿಗೆ ಸುಮಾರು ಏಳು ಯೂನಿಟ್. ರಾತ್ರಿ ಎರಡು ಗಂಟೆ ಆಡುವವನು 300ರ ಬದಲು 200 ವ್ಯಾಟಿನ ಕಾರ್ಡು ತಗೊಂಡರೆ ಉಳಿಯೋದು ಆರು ಯೂನಿಟ್. ಹೆಚ್ಚೂಕಮ್ಮಿ ಅಷ್ಟಕ್ಕಷ್ಟೇ, ಅಲ್ವಾ? ಆದರೂ ಎಲ್ಲರೂ ಕೇಳೋದು ಫುಲ್ ಲೋಡ್ ಎಷ್ಟು ಅಂತಲೇ.

ಭಾವಮೈದುನ ಈಗ ಹೊಸ ಕಾರ್ಡು ತಗೊಳ್ಳೋ ಯೋಚನೆಯಲ್ಲಿದ್ದಾನೆ. ನನ್ನನ್ನು ಕೇಳಿದ. 220 ವ್ಯಾಟಿನ 9070 ತಗೋ, ಎಕ್ಸ್‌ಟಿ ಬೇಡ ಅಂದೆ. ಇರುವ ಎಸ್‌ಎಂಪಿಎಸ್‌ನಲ್ಲೇ ಆಗುತ್ತೆ, ರೂಮೂ ಕಾಯಲ್ಲ, ಅಮ್ಮನ ಬಿಲ್ಲೂ 200ರ ಒಳಗೆ ಇರುತ್ತೆ. ಎನ್ವಿಡಿಯಾದ 250 ವ್ಯಾಟಿನ 5070 ಆದರೂ ಸರಿ, ಮೆಮೊರಿ 12 ಜಿಬಿ ಅನ್ನೋದೊಂದೇ ನನಗೆ ಹಿಡಿಸದ ವಿಷಯ.

ಅವನು ಸ್ವಲ್ಪ ಹೊತ್ತು ಮೊಬೈಲ್ ನೋಡಿದ. "ಭಾವ, ಎಕ್ಸ್‌ಟಿನೇ ತಗೊಂಡು ನಾವೇ 220ಕ್ಕೆ ಇಳಿಸಿದ್ರೆ? ಕೋರು ಜಾಸ್ತಿ ಇರುತ್ತೆ, ವೋಲ್ಟೇಜ್ ಕಮ್ಮಿ ಇರುತ್ತೆ. ಆಗ ಅದೇ 220 ವ್ಯಾಟಿಗೆ ವೇಗ ಇನ್ನೂ ಜಾಸ್ತಿ ಬರಲ್ವಾ?"

ಬರುತ್ತೆ. ಅಗಲವಾದ ಚಿಪ್ಪನ್ನು ನಿಧಾನವಾಗಿ ಓಡಿಸಿದರೆ ಅದೇ ವ್ಯಾಟಿಗೆ ಜಾಸ್ತಿ ಕೆಲಸ ಸಿಗುತ್ತೆ. ಲ್ಯಾಪ್‌ಟಾಪಿನ ಚಿಪ್ಪುಗಳಲ್ಲಿ ಕಂಪನಿಯವರೂ ಮಾಡೋದು ಅದನ್ನೇ. ಉಳಿದದ್ದು ಎರಡು ಕಾರ್ಡಿನ ಬೆಲೆಯ ವ್ಯತ್ಯಾಸ. ಅದನ್ನು ಅವನ ಅಕ್ಕನ ಹತ್ತಿರ ಮಾತಾಡ್ಕೋ ಅಂತ ಹೇಳಿ ನಾನು ಜಾರಿಕೊಂಡೆ.